ಪ್ರತಿಕ್ರಿಯೆ: ಹಳೇ ಕಾಲೇಜು ಸ್ಟೇಡಿಯಂ ದೊಡ್ಡದು ಮಾಡಿದರೆ ಗುರುತೇ ಹೋಗುತ್ತದೆ

1920ರ ದಶಕದ ಅಮೆರಿಕನ್ ಕಾಲೇಜು ಫುಟ್‌ಬಾಲ್ ಸ್ಟೇಡಿಯಂ ದೊಡ್ಡದು ಮಾಡಲು, ವಾಸ್ತುಶಿಲ್ಪ ವಿದ್ಯಾರ್ಥಿಯಾಗಿ ನೀವು ಮಾಡಿದ ವಿನ್ಯಾಸ ‘ಯಾವ ಊರಿನದ್ದೂ ಆಗಬಹುದು’ ಅಂತ ಮೇಷ್ಟ್ರು ಹೇಳಿದ್ದಕ್ಕೆ ಕಾರಣ, ಬಹುಶಃ ನೀವು ಸೀಟಿನ ಲೆಕ್ಕದಿಂದ ಶುರು ಮಾಡಿದ್ದು. ಡ್ರಾಯಿಂಗ್ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು, ಮುಟ್ಟಬಾರದ್ದನ್ನು ಪಟ್ಟಿ ಮಾಡಿ. ಬ್ಯಾಂಡ್ ಬರುವ ದಾರಿ, ಸೀಟಿನಿಂದ ಕಾಣುವ ಗೋಪುರ, ಹಳೇ ಗೋಡೆ. ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾಲಯದಲ್ಲಿ ಸ್ಟೇಡಿಯಂ ಒಳಗಿಂದ ಉತ್ತರಕ್ಕೆ ಗ್ರಂಥಾಲಯದ ಗೋಡೆಯ ದೊಡ್ಡ ಯೇಸುಚಿತ್ರ ಕಾಣುತ್ತದೆ. 2017ರಲ್ಲಿ ದೊಡ್ಡ ವಿಡಿಯೋ ಪರದೆ ಹಾಕಿದ್ದು ದಕ್ಷಿಣಕ್ಕೆ. ನೀವೂ ಅಂಥ ನೋಟಗಳಿಗೆ ಸೆಕ್ಷನ್ (ಕಟ್ಟಡವನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ಚಿತ್ರ) ಬಿಡಿಸಿ, ಸೀಟಿನಿಂದ ಆ ನೋಟದವರೆಗೆ ಗೆರೆ ಎಳೆದು ನೋಡಿ. ಹೊಸ ಕಟ್ಟಡ ಗೆರೆಗೆ ಅಡ್ಡ ಬಂದರೆ ಅದನ್ನು ತಗ್ಗಿಸಿ, ಇಲ್ಲವೇ ಸರಿಸಿ.

ಆಮೇಲೆ ಹೊರಗೋಡೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ 1923ರ ಸ್ಟೇಡಿಯಂ ಕೆಳಗೇ ಹೇವರ್ಡ್ ಭೂಬಿರುಕು ಹಾದುಹೋಗುತ್ತದೆ. ಆದರೂ ಹಳೇ ಹೊರಗೋಡೆ ಉಳಿಸಿ, ಒಳಗಿನ ಪಶ್ಚಿಮ ಭಾಗವನ್ನು ಹೊಸದಾಗಿ ಕಟ್ಟಿ 2012ರಲ್ಲಿ ತೆರೆದರು. ಆದರೆ ಗೋಡೆ ಉಳಿಸಿದರೆ ಸಾಕು ಅಂತಲ್ಲ. ಷಿಕಾಗೋದ ಸೋಲ್ಜರ್ ಫೀಲ್ಡ್ (ಕಾಲೇಜಿನದ್ದಲ್ಲ, ಆದರೂ ನೋಡಲೇಬೇಕು) ಹಳೇ ಕಂಬಸಾಲು ಇಟ್ಟುಕೊಂಡೇ ಮೇಲೆ ಗಾಜಿನ ಬೋಗುಣಿ ಕೂರಿಸಿ, 2006ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆ ಕಳೆದುಕೊಂಡಿತು. ಅದಕ್ಕೇ ಹೊಸ ಭಾಗ ಹಳೇ ಗೋಡೆಯನ್ನು ಮುಳುಗಿಸದಂತೆ ಎತ್ತರ ನೋಡಿಕೊಳ್ಳಿ. ಸುಮ್ನೆ ಇಟ್ಟಿಗೆ ಅಂಟಿಸಿದರೆ ಆಗಲ್ಲ.

ಕೊನೆಗೆ ಬಳಕೆ. ತವರಿನ ಪಂದ್ಯ ಇರುವುದು ವರ್ಷಕ್ಕೆ ಆರೇಳು ದಿನ, ಅಲ್ವಾ? ಉಳಿದ ದಿನಕ್ಕೂ ಬಳಕೆ ಬೇಕು; ನೋಟ್ರ ಡೇಮ್ ಸ್ಟೇಡಿಯಂಗೆ ಅಂಟಿಸಿದ ಕಟ್ಟಡಗಳಲ್ಲಿ ತರಗತಿ, ಸಂಗೀತ ವಿಭಾಗ, ವಿದ್ಯಾರ್ಥಿ ಕೇಂದ್ರ ಇಟ್ಟರು. ಮುಂದಿನ ಜ್ಯೂರಿಗೆ (ಮೇಷ್ಟ್ರುಗಳ ಮುಂದೆ ವಿನ್ಯಾಸ ಮಂಡಿಸುವ ದಿನ) ಆ ನೋಟದ ಸೆಕ್ಷನ್ನನ್ನೇ ಮೊದಲ ಹಾಳೆಯಾಗಿ ಇಡಿ, ಸೀಟಿನ ಲೆಕ್ಕ ಆಮೇಲೆ.