ಆ ಇಪ್ಪತ್ಮೂರು ನೊಣಗಳು ಎಲ್ಲಿಂದ ಬಂದವು?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಪ್ರಾಕ್ಟಿಕಲ್‌ನಲ್ಲಿ ವೆಸ್ಟಿಜಿಯಲ್, ಅಂದರೆ ಮೊಟಕು ರೆಕ್ಕೆಯ ಹೆಣ್ಣು ಹಣ್ಣಿನ ನೊಣಗಳನ್ನು ಉದ್ದ ರೆಕ್ಕೆಯ ಗಂಡುಗಳ ಜೊತೆ ಬಿಟ್ಟೆವು. ಗಂಡುಗಳು ಶುದ್ಧ ಸ್ಟಾಕ್‌ನವು, ಅಂದರೆ ಉದ್ದ ರೆಕ್ಕೆಯ ಜೀನ್ ಮಾತ್ರ ಇರುವ ತಳಿಯವು. ಎಫ್-1ನಲ್ಲಿ, ಅಂದರೆ ಮೊದಲ ಪೀಳಿಗೆಯ ಮರಿಗಳಲ್ಲಿ, ಎಲ್ಲವೂ ಉದ್ದ ರೆಕ್ಕೆ ಬರಬೇಕಿತ್ತು. ಬಂದದ್ದು ಉದ್ದ 140, ಮೊಟಕು 23. ಆ 23ನ್ನು ಬಿಟ್ಟು ರೆಕಾರ್ಡ್ ಬರಿ ಅಂತಾರೆ ಗೆಳತಿಯರು. ಉದ್ದ ರೆಕ್ಕೆಯೇ ಜಾಸ್ತಿ ಇರುವುದರಿಂದ ಅದೇ ಪ್ರಬಲ ಅಂತ ಬರೆದರೆ ಸಾಕಾ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಆ 23ನ್ನು ದಯವಿಟ್ಟು ಬಿಡಬೇಡಮ್ಮ. ನಿನ್ನ ಬಾಟಲಿಯಲ್ಲಿ ಏನು ನಡೆಯಿತು ಅಂತ ಹೇಳುತ್ತಿರುವುದು ಅವೇ.

ಮೊದಲು ‘ಜಾಸ್ತಿ’ ಅನ್ನುವ ಮಾತು. ಪ್ರಬಲ ಅಂದರೆ ಲೆಕ್ಕದಲ್ಲಿ ಜಾಸ್ತಿ ಇರುವುದು ಅಂತ ಅಲ್ಲ. ಒಂದೇ ನೊಣದೊಳಗೆ ಎರಡೂ ಬಗೆಯ ಜೀನ್ ಇದ್ದಾಗ ಹೊರಗೆ ಕಾಣುವ ಗುಣ ಪ್ರಬಲ, ಅಡಗಿ ಕೂರುವುದು ದುರ್ಬಲ. ನಿಮ್ಮ ವೆಸ್ಟಿಜಿಯಲ್ ಸ್ಟಾಕ್ ಬಾಟಲಿಯನ್ನೇ ನೋಡು. ನೂರಕ್ಕೆ ನೂರೂ ಮೊಟಕು ರೆಕ್ಕೆ. ಆದರೂ ಅದು ದುರ್ಬಲ ಗುಣವೇ, ಅಲ್ವಾ? ನಿನ್ನ ತೀರ್ಮಾನ ಸರಿ, ಕೊಟ್ಟ ಕಾರಣ ಸರಿಯಲ್ಲ.

ಈಗ ಆ 23. ಮೊಟಕು ರೆಕ್ಕೆ ಬರಬೇಕಾದರೆ ಆ ಜೀನ್ ತಾಯಿಯಿಂದಲೂ ಬರಬೇಕು, ತಂದೆಯಿಂದಲೂ ಬರಬೇಕು. ನೀವು ಬಿಟ್ಟ ಗಂಡುಗಳಲ್ಲಿ ಅದು ಇಲ್ಲ. ಹಾಗಾದರೆ ಇವುಗಳ ತಂದೆ ಬೇರೆ. ನೀವು ಹೆಣ್ಣುಗಳನ್ನು ಆರಿಸುವ ಮೊದಲೇ ಕೆಲವು ತಮ್ಮ ಸ್ಟಾಕ್ ಬಾಟಲಿಯ ಮೊಟಕು ರೆಕ್ಕೆಯ ಗಂಡುಗಳ ಜೊತೆ ಕೂಡಿಬಿಟ್ಟಿದ್ದವು. ಹೆಣ್ಣು ನೊಣ ಒಮ್ಮೆ ಪಡೆದ ವೀರ್ಯವನ್ನು ಹೊಟ್ಟೆಯೊಳಗೆ ಕೂಡಿಟ್ಟುಕೊಂಡು ದಿನಗಟ್ಟಲೆ ಬಳಸುತ್ತದೆ. ಆಮೇಲೆ ಇನ್ನೊಂದು ಗಂಡಿನ ಜೊತೆ ಕೂಡಿದರೆ ಹೆಚ್ಚಿನ ಮೊಟ್ಟೆಗಳು ಆ ಎರಡನೆಯದರ ಪಾಲು. ಹಳೆಯದರ ಪಾಲೂ ಸ್ವಲ್ಪ ಉಳಿದಿರುತ್ತದೆ.

ನಾನು ಎಂ.ಎಸ್ಸಿ. ಓದುವಾಗ ನನಗೂ ಹೀಗೇ ಆಯಿತು. ಸಂಜೆ ಬಾಟಲಿ ಖಾಲಿ ಮಾಡಿ ಮನೆಗೆ ಹೋದೆ. ಬೆಳಿಗ್ಗೆ ಹತ್ತಕ್ಕೆ ಬಂದು, ರಾತ್ರಿ ಹುಟ್ಟಿದ ಹೆಣ್ಣುಗಳನ್ನೆಲ್ಲ ವರ್ಜಿನ್, ಅಂದರೆ ಇನ್ನೂ ಗಂಡಿನ ಜೊತೆ ಕೂಡದವು, ಅಂತ ತೆಗೆದುಕೊಂಡೆ. ಹದಿನಾರು ಗಂಟೆ ಕಳೆದಿತ್ತು. 25 ಡಿಗ್ರಿಯಲ್ಲಿ ಹೆಣ್ಣು ನೊಣ ಕೂಡದೆ ಇರುವುದು ಹುಟ್ಟಿದ ಮೊದಲ ಎಂಟು ಗಂಟೆ ಮಾತ್ರ. ಮೂರು ವಾರದ ಕೆಲಸ ಹೋಯಿತು. ಅವತ್ತಿನಿಂದ ಬೆಳಿಗ್ಗೆ ಬಂದ ತಕ್ಷಣ ಬಾಟಲಿಯಲ್ಲಿದ್ದ ನೊಣಗಳನ್ನೆಲ್ಲ ಆಚೆ ಹಾಕಿ, ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಸಲ, ಸಂಜೆ ಹೊರಡುವ ಮೊದಲು ಒಂದು ಸಲ ಹೆಣ್ಣುಗಳನ್ನು ಆರಿಸುತ್ತಿದ್ದೆ. ಆಗತಾನೆ ಹುಟ್ಟಿದ್ದರ ಮೈ ಬಿಳುಪಾಗಿರುತ್ತದೆ. ಹೊಟ್ಟೆಯ ತೆಳು ಚರ್ಮದ ಒಳಗೆ ಒಂದು ಕಡುಬಣ್ಣದ ಚುಕ್ಕೆ ಕಾಣುತ್ತದೆ. ಲೆನ್ಸ್‌ನಲ್ಲಿ ಒಂದು ಸಲ ಸರಿಯಾಗಿ ನೋಡಿದರೆ ಮತ್ತೆ ಮರೆಯುವುದಿಲ್ಲ.

ಆರಿಸಿದ ಹೆಣ್ಣುಗಳನ್ನು ಗಂಡಿಲ್ಲದೆ, ರವೆ-ಬೆಲ್ಲದ ಆಹಾರ ಹಾಕಿದ ಕೊಳವೆಯಲ್ಲಿ ಮೂರು-ನಾಲ್ಕು ದಿನ ಇಡು. ಮೊಟ್ಟೆ ಇಡಬಹುದು, ಅದಕ್ಕೆ ಹೆದರಬೇಡ. ಆಹಾರದಲ್ಲಿ ಹುಳು ಓಡಾಡಿದರೆ ಮಾತ್ರ ಆ ಕೊಳವೆಯನ್ನು ಕೈಬಿಡು.

ಇನ್ನೊಂದು ಮಾತು. ಇದೇ ತಪ್ಪು ಉಲ್ಟಾ ಕ್ರಾಸ್‌ನಲ್ಲಿ, ಅಂದರೆ ಉದ್ದ ರೆಕ್ಕೆಯ ಹೆಣ್ಣು, ಮೊಟಕು ರೆಕ್ಕೆಯ ಗಂಡು ಇದ್ದಾಗ ಆಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅಪ್ಪ ಯಾರೇ ಇದ್ದರೂ ಎಫ್-1ನಲ್ಲಿ ಎಲ್ಲಾ ಉದ್ದ ರೆಕ್ಕೆಯೇ. ಆ ಎಫ್-1 ನೊಣಗಳ ಮರಿಗಳಲ್ಲಿ, ಅಂದರೆ ಎಫ್-2ರಲ್ಲಿ, ಮೊಟಕು ರೆಕ್ಕೆ ಕಾಲು ಭಾಗಕ್ಕಿಂತ ಕಡಿಮೆ ಬಂದು, 3:1 ಯಾಕೆ ಬರಲಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೆ. ಹಾಗಾಗಿ ರೆಕಾರ್ಡಿನಲ್ಲಿ 140, 23 ಎರಡನ್ನೂ ಬರಿ. ಕೆಳಗೆ ಕಾರಣ ಬರಿ. ಕ್ರಾಸ್ ಮತ್ತೆ ಮಾಡು, ಹತ್ತು-ಹನ್ನೆರಡು ದಿನದಲ್ಲಿ ಹೊಸ ನೊಣ ಬರುತ್ತವೆ.

ಪ್ರಶ್ನೆ: ನಾವು ಕೂಡಿಸಿದ ಹಣ್ಣಿನ ನೊಣಗಳಲ್ಲಿ ಗಂಡು-ಹೆಣ್ಣು ಎರಡೂ ಕರ್ಲಿ, ಅಂದರೆ ಬಾಗಿದ ರೆಕ್ಕೆಯವು. ಮರಿಗಳಲ್ಲಿ ಕರ್ಲಿ 96, ನೇರ ರೆಕ್ಕೆ 50. ಕರ್ಲಿ ಪ್ರಬಲ ಅಂತಾರೆ. ಹಾಗಿದ್ದರೆ 3:1 ಬರಬೇಕಲ್ಲವೇ?
— ಪಿಯು ಉಪನ್ಯಾಸಕರು, ಶಿವಮೊಗ್ಗ

ಉತ್ತರ: ನಿಮ್ಮ ಎಣಿಕೆ ಸರಿಯಾಗಿದೆ ಸರ್. ಅದು 2:1. ಕರ್ಲಿ ಜೀನ್ ಒಂದೇ ಇದ್ದರೂ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಅದಕ್ಕೇ ಅದು ಪ್ರಬಲ. ಎರಡು ಸೇರಿದರೆ ಮರಿ ಬದುಕುವುದಿಲ್ಲ. ನಾಲ್ಕರಲ್ಲಿ ಒಂದು ಪಾಲು ನೊಣವಾಗಿ ಹೊರಗೆ ಬರುವುದೇ ಇಲ್ಲ, ಎರಡು ಪಾಲು ಕರ್ಲಿ, ಒಂದು ಪಾಲು ನೇರ. ಅಂದರೆ ರೆಕ್ಕೆ ಬಾಗಿಸುವುದರಲ್ಲಿ ಪ್ರಬಲವಾದ ಜೀನೇ ಸಾವಿನ ವಿಷಯಕ್ಕೆ ಬಂದರೆ ದುರ್ಬಲ. ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಿ. ಬಾಟಲಿಯನ್ನು ಮಾತ್ರ ತೀರಾ ತಣ್ಣಗಿರುವ ಕಡೆ ಇಡಬೇಡಿ. 20 ಡಿಗ್ರಿಗಿಂತ ಕೆಳಗೆ ಬೆಳೆದರೆ ಕೆಲವು ಕರ್ಲಿಗಳ ರೆಕ್ಕೆ ನೇರವಾಗಿಯೇ ಕಂಡು ಎಣಿಕೆ ಕೆಡುತ್ತದೆ.