ವಿದೇಶ ಪ್ರವಾಸದ ನಡುವೆ 11 ಜನರ ಹುಟ್ಟುಹಬ್ಬದ ಊಟ: ರೆಸ್ಟೋರೆಂಟ್ ಆರಿಸುವುದು ಹೇಗೆ, ಬಿಲ್ ಹಂಚುವುದು ಹೇಗೆ?

ನೀವು ಕೇಳಿದ್ದು ಇಷ್ಟು. 11 ಜನ ಯುರೋಪ್ ಪ್ರವಾಸ ಹೊರಟಿದ್ದೀರಿ. ನಡುವೆ ಗೆಳತಿಯ 50ನೇ ಹುಟ್ಟುಹಬ್ಬ ಬರುತ್ತದೆ. ಪ್ಯಾರಿಸ್‌ನಲ್ಲೋ ಪೋರ್ಚುಗಲ್‌ನ ಲಿಸ್ಬನ್‌ನಲ್ಲೋ ಒಂದು ಸ್ಟೈಲಿಶ್ ರೆಸ್ಟೋರೆಂಟ್‌ನಲ್ಲಿ ಎಲ್ಲರೂ ಕೂತು ಊಟ ಮಾಡಬೇಕು. ಯಾವುದನ್ನು ಆರಿಸುವುದು, ಬಿಲ್ ಹೇಗೆ ಹಂಚುವುದು?

ಎರಡೂ ಊರುಗಳಲ್ಲಿ ಇಂಥ ಊಟಕ್ಕೆ ಕೂತಿದ್ದೇನೆ, ಲಿಸ್ಬನ್‌ನಲ್ಲಿ ಏರ್ಪಾಡೂ ನನ್ನದೇ ಆಗಿತ್ತು. ರೆಸ್ಟೋರೆಂಟ್ ಆರಿಸುವುದು ಇದರಲ್ಲಿ ಸುಲಭದ ಕೆಲಸ. ಅದಕ್ಕಿಂತ ಮೊದಲು ಆ ಸಂಜೆಯ ಪಾರುಪತ್ಯ ಯಾರದ್ದು ಅಂತ ತೀರ್ಮಾನ ಮಾಡಿಕೊಳ್ಳಿ. ಬುಕಿಂಗ್, ಮೆನು, ಕೇಕು, ಬಿಲ್ಲು, ಎಲ್ಲವೂ ಒಬ್ಬರ ಕೈಯಲ್ಲೇ ಇರಬೇಕು. ಮಿಕ್ಕ ಹತ್ತು ಜನ ಅವರ ತಲೆ ತಿನ್ನದೆ ಸುಮ್ನೆ ಊಟ ಮಾಡಬೇಕು. ಹುಟ್ಟುಹಬ್ಬದವರಿಗಂತೂ ಈ ಕೆಲಸ ಹಚ್ಚಲೇಬೇಡಿ.

ಇನ್ನು ಬುಕಿಂಗ್. ಇಂಥ ಜಾಗಗಳ ವೆಬ್‌ಸೈಟ್‌ನಲ್ಲಿ ಸಾಮಾನ್ಯವಾಗಿ ಆರೋ ಎಂಟೋ ಜನರವರೆಗೆ ಮಾತ್ರ ಟೇಬಲ್ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಇಮೇಲ್ ಬರೆಯಬೇಕು. ಕೆಲವರು 11ನ್ನು ಆರು ಮತ್ತು ಐದು ಅಂತ ಒಡೆದು ಎರಡು ಹೆಸರಲ್ಲಿ ಬುಕ್ ಮಾಡಿ, ಅಲ್ಲಿ ಹೋದಮೇಲೆ ಟೇಬಲ್ ಸೇರಿಸಿ ಅಂತ ಕೇಳುತ್ತಾರೆ. ಹಾಗೆ ಮಾಡಬೇಡಿ. ಸಂಜೆ ಎಂಟು ಗಂಟೆಗೆ ತುಂಬಿದ ಹಾಲ್‌ನಲ್ಲಿ ಯಾರನ್ನು ಎಬ್ಬಿಸಿ ಟೇಬಲ್ ಜರುಗಿಸುತ್ತಾರೆ ಪಾಪ? ಇಮೇಲ್‌ನಲ್ಲಿ ಎಷ್ಟು ಜನ, ಏನು ಸಂದರ್ಭ, ಯಾರಿಗೆ ಏನು ಆಗಿಬರುವುದಿಲ್ಲ, ಕೇಕ್ ಅವರೇ ಮಾಡುತ್ತಾರೋ ನೀವು ತರಬಹುದೋ, ಎಲ್ಲವನ್ನೂ ಒಂದೇ ಸಲ ಬರೆಯಿರಿ. ಹೊರಗಿನ ಕೇಕ್ ತಂದರೆ ಅದನ್ನು ಕತ್ತರಿಸಿ ಬಡಿಸುವುದಕ್ಕೆ ತಲೆಗಿಷ್ಟು ಅಂತ ಚಾರ್ಜ್ ಮಾಡುವ ಜಾಗಗಳಿವೆ. ಟೇಬಲ್ ಎಷ್ಟು ಹೊತ್ತು ನಿಮ್ಮದು ಅಂತಲೂ ಕೇಳಿ. ಎರಡೇ ತಾಸಿನಲ್ಲಿ ಎಬ್ಬಿಸಿ ಮುಂದಿನವರನ್ನು ಕೂರಿಸುವ ಕಡೆ ಹುಟ್ಟುಹಬ್ಬ ಮಾಡಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಪ್ಯಾರಿಸ್ ಆದರೆ ತಾರೀಕು ನೋಡಿಕೊಳ್ಳಿ. ಭಾನುವಾರ, ಸೋಮವಾರ ಎಷ್ಟೋ ಕಡೆ ಬಾಗಿಲು ಹಾಕಿರುತ್ತಾರೆ. ಆಗಸ್ಟ್‌ನಲ್ಲಂತೂ ಮಾಲೀಕರೇ ರಜೆಗೆ ಹೋಗಿಬಿಡುತ್ತಾರೆ.

ಉತ್ತರದಲ್ಲಿ ಅವರು ಮುಂಗಡವನ್ನೋ ಕ್ರೆಡಿಟ್ ಕಾರ್ಡ್ ನಂಬರನ್ನೋ ಕೇಳಬಹುದು. ಬರದೇ ಇದ್ದರೆ ತಲೆಗೆ ಇಷ್ಟು ಅಂತ ಕಾರ್ಡ್‌ನಿಂದ ಮುರಿದುಕೊಳ್ಳುತ್ತಾರೆ. 11 ಜನ ಒಂಬತ್ತಾದರೂ ಆ ಎರಡು ತಲೆಯ ದುಡ್ಡು ಹೋಗಬಹುದು. ಜನ ಕಮ್ಮಿಯಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಅನ್ನೋದನ್ನು ಓದಿಕೊಳ್ಳಿ.

ಜೊತೆಗೆ ಒಂದು ಸೆಟ್ ಮೆನು, ಅಂದರೆ ಏನೇನು ಬಡಿಸುತ್ತಾರೆ, ತಲೆಗೆ ಎಷ್ಟು ಅಂತ ಮೊದಲೇ ಗೊತ್ತುಮಾಡಿದ ಪಟ್ಟಿ, ಕಳಿಸುತ್ತಾರೆ. ಅದನ್ನು ನೋಡಿ ನಿಮ್ಮ ಗುಂಪಿನಲ್ಲಿ ಗೊಣಗಾಟ ಶುರುವಾಗುತ್ತದೆ, ನಮಗೆ ಬೇಕಾದ್ದು ಆರ್ಡರ್ ಮಾಡೋ ಹಾಗಿಲ್ವಾ ಅಂತ. ನಾನು ಸೆಟ್ ಮೆನು ಪರ. ಅಡುಗೆಮನೆಯ ಕಡೆಯಿಂದ ನೋಡಿ. 11 ಜನ 11 ಬಗೆ ಹೇಳಿದರೆ ಎಲ್ಲವೂ ಒಂದೇ ಹೊತ್ತಿಗೆ ಬಿಸಿಬಿಸಿಯಾಗಿ ಟೇಬಲ್‌ಗೆ ಬರಬೇಕು. ಇಪ್ಪತ್ತು ನಿಮಿಷದ್ದೂ ಐದು ನಿಮಿಷದ್ದೂ ಒಟ್ಟಿಗೆ ಮುಗಿಯಬೇಕು. ಆಗ ಒಬ್ಬರ ತಟ್ಟೆ ಇನ್ನೊಬ್ಬರದಕ್ಕೆ ಕಾಯುತ್ತಾ ಆರಿಹೋಗುತ್ತದೆ. ಸೆಟ್ ಮೆನುವಿನಲ್ಲಿ ಪ್ರತಿ ಸುತ್ತಿಗೂ ಎರಡು ಆಯ್ಕೆ ಕೊಡಿ ಅಂತ ಕೇಳಿದರೆ ಎಷ್ಟೋ ಕಡೆ ಒಪ್ಪುತ್ತಾರೆ. ತಲೆಗೆ ಎಷ್ಟು ಬೀಳುತ್ತದೆ ಅಂತ ಹೊರಡುವ ಮೊದಲೇ ಎಲ್ಲರಿಗೂ ಗೊತ್ತಾಗುತ್ತದೆ, ಅದೇ ದೊಡ್ಡ ಲಾಭ. ಬಜೆಟ್ ಬಿಗಿ ಅನ್ನಿಸಿದರೆ ಅದೇ ರೆಸ್ಟೋರೆಂಟ್‌ನ ಮಧ್ಯಾಹ್ನದ ಮೆನು ನೋಡಿ. ಪ್ಯಾರಿಸ್‌ನ ದೊಡ್ಡ ಹೆಸರಿನ ಜಾಗಗಳಲ್ಲಿ ಮಧ್ಯಾಹ್ನದ ಊಟ ರಾತ್ರಿಯದಕ್ಕಿಂತ ಎಷ್ಟೋ ಅಗ್ಗ. ಅಡುಗೆಯವರೂ ಅವರೇ, ಹಾಲ್ ಕೂಡ ಅದೇ.

ಗುಂಪಿನಲ್ಲಿ ಸಸ್ಯಾಹಾರಿಗಳಿದ್ದರೆ ಇಲ್ಲಿ ಸ್ವಲ್ಪ ನಿಂತು ಓದಿ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ 2014ರ ಡಿಸೆಂಬರ್‌ನಿಂದ ರೆಸ್ಟೋರೆಂಟ್‌ಗಳು ಕೂಡ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. ಮೊಟ್ಟೆ, ಹಾಲು, ಮೀನು, ಶೇಂಗಾ, ಎಳ್ಳು, ಸಾಸಿವೆ ಎಲ್ಲ ಆ ಪಟ್ಟಿಯಲ್ಲಿವೆ. ಮಾಂಸ ಇಲ್ಲ! ಅಂದರೆ ಪಟ್ಟಿ ನೋಡಿ ಧೈರ್ಯವಾಗಿ ತಿನ್ನುವ ಹಾಗಿಲ್ಲ. ಫ್ರಾನ್ಸ್‌ನ ಈರುಳ್ಳಿ ಸೂಪ್ ನೋಡಿದರೆ ಈರುಳ್ಳಿ, ಬ್ರೆಡ್, ಚೀಸ್ ಅಷ್ಟೇ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಅದರ ನೀರು ದನದ ಮೂಳೆಯ ಸಾರು. ಪೋರ್ಚುಗಲ್‌ನ ಕಾಲ್ಡೊ ವೆರ್ಡೆ ಹಸಿರು ಸೊಪ್ಪು, ಆಲೂಗಡ್ಡೆಯ ಸೂಪ್. ಅದರ ಮೇಲೆ ಶೊರೀಸು ಅನ್ನುವ ಹಂದಿಮಾಂಸದ ಸಾಸೇಜ್ ಬಿಲ್ಲೆ ತೇಲುತ್ತಿರುತ್ತದೆ. ಪಾರ್ಮಿಜಾನೊ ಚೀಸ್ ಮಾಡುವುದಕ್ಕೆ ಹಾಲು ಗಟ್ಟಿಯಾಗಲಿ ಅಂತ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನುವ ಪದಾರ್ಥ ಹಾಕುತ್ತಾರೆ. ಹಾಗಾಗಿ ಬರೀ "ವೆಜಿಟೇರಿಯನ್" ಅಂತ ಬರೆದು ಬಿಡಬೇಡಿ. ಮಾಂಸ ಬೇಡ, ಮೀನು ಬೇಡ, ಮಾಂಸದ ಸಾರೂ ಬೇಡ, ಮೊಟ್ಟೆ ಪರವಾಗಿಲ್ಲ, ಹೀಗೆ ಬಿಡಿಸಿ ಬರೆಯಿರಿ. ಒಂದು ವಾರ ಮೊದಲೇ ಹೇಳಿದರೆ ಒಳ್ಳೆಯ ಅಡುಗೆಮನೆ ಇದನ್ನು ಹುರುಪಿನಿಂದಲೇ ಮಾಡುತ್ತದೆ. ಟೇಬಲ್‌ನಲ್ಲಿ ಕೂತಮೇಲೆ ಹೇಳಿದರೆ ಸಲಾಡ್ ಬರುತ್ತದೆ.

ಕೂರುವ ವಿಷಯ. ಉದ್ದನೆ ಟೇಬಲ್ ಕೊಟ್ಟರೆ ಹುಟ್ಟುಹಬ್ಬದವರನ್ನು ತುದಿಯಲ್ಲಿ ಕೂರಿಸಬೇಡಿ. ಫೋಟೋಗೆ ಚೆಂದ, ಆದರೆ ಅವರಿಗೆ ನಾಲ್ಕೇ ಜನರ ಮಾತು ಕೇಳಿಸುತ್ತದೆ. ಮಧ್ಯದಲ್ಲಿ ಕೂರಿಸಿ. ಪಾರುಪತ್ಯದವರು ವೇಟರ್ ಬರುವ ಕಡೆಯ ತುದಿಯಲ್ಲಿರಲಿ.

ಈಗ ಬಿಲ್. ಲಿಸ್ಬನ್‌ನಲ್ಲಿ ನಾವು ಕೂತು ಬೆನ್ನು ಒರಗಿಸುವುದರೊಳಗೆ ಬ್ರೆಡ್ಡು, ಬೆಣ್ಣೆ, ಆಲಿವ್, ಸಣ್ಣ ಚೀಸ್ ತುಂಡುಗಳು ಟೇಬಲ್ ತುಂಬ ಬಂದವು. ಯಾರೂ ಆರ್ಡರ್ ಮಾಡಿರಲಿಲ್ಲ. ಪಕ್ಕದಲ್ಲಿದ್ದ ಗೆಳೆಯ ಆಲಿವ್ ಬೀಜವನ್ನು ತಟ್ಟೆಯ ಅಂಚಿಗೆ ಇಡುತ್ತಾ "ಪರವಾಗಿಲ್ವೇ, ಫ್ರೀಯಾಗಿ ಚೆನ್ನಾಗಿ ಕೊಡ್ತಾರೆ" ಅಂದ. ಫ್ರೀ ಅಲ್ಲ. ಅದಕ್ಕೆ ಅಲ್ಲಿ ಕೊವೆರ್ಟ್ ಅನ್ನುತ್ತಾರೆ, ಮುಟ್ಟಿದರೆ ಬಿಲ್‌ಗೆ ಸೇರುತ್ತದೆ. ಕೇಳದೆ ಇಟ್ಟದ್ದನ್ನು ಮುಟ್ಟದೇ ಇದ್ದರೆ ದುಡ್ಡು ಕೇಳುವ ಹಾಗಿಲ್ಲ ಅಂತ ಪೋರ್ಚುಗಲ್‌ನಲ್ಲಿ ಕಾನೂನೇ ಇದೆ. ಬೇಡ ಅಂದರೆ ಮುಖ ಸಿಂಡರಿಸದೆ ಎತ್ತಿಕೊಂಡು ಹೋಗುತ್ತಾರೆ. ನಾವು ತಿಂದೆವು, ಚೆನ್ನಾಗಿತ್ತು, ಕೊಟ್ಟೆವು. ಪ್ಯಾರಿಸ್‌ನಲ್ಲಿ ಊಟದ ಜೊತೆ ಬರುವ ಬ್ರೆಡ್‌ಗೆ ದುಡ್ಡಿಲ್ಲ, ನಲ್ಲಿ ನೀರಿಗೂ ಇಲ್ಲ. ಆದರೆ ವೇಟರ್ ಮೊದಲು ಕೇಳುವುದು ಬಾಟಲಿ ನೀರು ಯಾವುದು ಬೇಕು ಅಂತ. "ಕಾರಾಫ್ ದೋ" ಅಂದರೆ ಜಗ್‌ನಲ್ಲಿ ನಲ್ಲಿ ನೀರು ಬರುತ್ತದೆ. 11 ಜನರ ಬಾಟಲಿ ನೀರು ಸೇರಿದರೆ ಒಬ್ಬರ ಸಿಹಿತಿಂಡಿಯ ದುಡ್ಡು ಅಲ್ಲೇ ಹೋಗುತ್ತದೆ.

ಟಿಪ್ಸ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಫ್ರಾನ್ಸ್‌ನಲ್ಲಿ ಮೆನುವಿನ ಬೆಲೆಯಲ್ಲೇ ಸರ್ವಿಸ್ ಮತ್ತು ತೆರಿಗೆ ಸೇರಿರುತ್ತವೆ. ಖುಷಿಯಾದರೆ ಟೇಬಲ್ ಮೇಲೆ ಒಂದಿಷ್ಟು ನೋಟು ಬಿಟ್ಟು ಬನ್ನಿ. ಪೋರ್ಚುಗಲ್‌ನಲ್ಲೂ ಕಡ್ಡಾಯವಿಲ್ಲ. ಇದೇ ಊಟ ಅಮೆರಿಕದಲ್ಲಿ ಆಗಿದ್ದರೆ ಕಥೆ ಬೇರೆ, ಅಲ್ಲಿ ದೊಡ್ಡ ಗುಂಪಿನ ಬಿಲ್‌ಗೆ ಟಿಪ್ಸನ್ನು ಅವರೇ ಸೇರಿಸಿಬಿಡುವುದುಂಟು.

ಹಂಚುವುದಕ್ಕೆ ನನ್ನ ಲೆಕ್ಕ ಹೀಗಿದೆ. ಊಟದ ದುಡ್ಡನ್ನು ಹತ್ತು ಪಾಲು ಮಾಡಿ, ಹುಟ್ಟುಹಬ್ಬದವರದು ಉಳಿದವರ ಮೇಲೆ. ವೈನ್ ಮಾತ್ರ ಬೇರೆ ಬಿಲ್ ಮಾಡಿಸಿ, ಕುಡಿದವರೇ ಹಂಚಿಕೊಳ್ಳಲಿ. ಕುಡಿಯದವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬೇರೆಯವರ ವೈನ್‌ಗೆ ದುಡ್ಡು ಕೊಟ್ಟದ್ದನ್ನು ಮರೆಯುವುದೂ ಇಲ್ಲ. ಬೇರೆ ಬಿಲ್ ಬೇಕು ಅಂತ ಮೊದಲ ಗ್ಲಾಸ್ ಬರುವ ಮೊದಲೇ ಹೇಳಬೇಕು, ಕೊನೆಯಲ್ಲಿ ಹೇಳಿದರೆ ವೇಟರ್‌ಗೆ ಬಿಡಿಸುವುದು ಕಷ್ಟ. 11 ಕಾರ್ಡ್ ಚಾಚಬೇಡಿ. ಸಿಹಿತಿಂಡಿ ಬಂದ ಹೊತ್ತಿಗೆ ಪಾರುಪತ್ಯದವರು ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಕೌಂಟರ್‌ನಲ್ಲೇ ಒಂದು ಕಾರ್ಡ್‌ನಲ್ಲಿ ಕೊಟ್ಟು ಬರಲಿ. ಆಗ ಹುಟ್ಟುಹಬ್ಬದವರ ಕಣ್ಣಿಗೆ ಬಿಲ್ ಬೀಳುವುದೇ ಇಲ್ಲ. ಆಮೇಲೆ ಫೋನ್‌ನಲ್ಲಿ ಲೆಕ್ಕ ಹಾಕಿ ಗ್ರೂಪ್‌ಗೆ ಕಳಿಸಿದರಾಯಿತು.

ಕಾರ್ಡ್ ಮಷಿನ್ ಕೊನೆಗೆ ಒಂದು ಪ್ರಶ್ನೆ ಕೇಳಬಹುದು, ಯೂರೋದಲ್ಲಿ ಕೊಡುತ್ತೀರೋ ನಿಮ್ಮ ಕಾರ್ಡ್‌ನ ಕರೆನ್ಸಿಯಲ್ಲೋ ಅಂತ. ಪರಿಚಿತ ಕರೆನ್ಸಿ ಕಂಡ ತಕ್ಷಣ ಕೈ ಅದರತ್ತಲೇ ಹೋಗುತ್ತದೆ. ಆ ದರದಲ್ಲಿ ಮಧ್ಯವರ್ತಿಯ ಲಾಭ ಸೇರಿರುತ್ತದೆ, ಹೆಚ್ಚು ಕಡಿಮೆ ಯಾವಾಗಲೂ ದುಬಾರಿಯೇ. ಯೂರೋ ಒತ್ತಿ. ವೇಟರ್ ತಾನೇ ಒತ್ತಲು ಹೊರಟರೆ ಮಷಿನ್ ಕೇಳಿ ಈಸಿಕೊಳ್ಳಿ.