ನಾನು ಅತ್ತಿದ್ದಕ್ಕೇ ಮಗೂಗೆ ಅಲರ್ಜಿ ಬಂತಾ?

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷ. ನಾಲ್ಕನೇ ತಿಂಗಳಿಂದ ಎಕ್ಸಿಮಾ (ಚರ್ಮ ಒಣಗಿ ಕಡಿಯೋ ಕಾಯಿಲೆ), ಈಗ ವೀಝಿಂಗ್ ಬೇರೆ, ಉಸಿರಾಡುವಾಗ ಸುಯ್ ಅನ್ನತ್ತೆ, ರಾತ್ರಿಯೆಲ್ಲಾ ಕೆರ್ಕೊಂಡು ಅಳ್ತಾನೆ. ಬಸುರಿಲಿದ್ದಾಗ ನಮ್ಮಪ್ಪ ತೀರ್ಕೊಂಡ್ರು, ತುಂಬಾ ಅತ್ತಿದ್ದೆ. ಅದಕ್ಕೇ ಮಗೂಗೆ ಹೀಗಾಗಿದೆ ಅಂತಾರೆ ಅತ್ತೆ. ನೆಟ್‌ನಲ್ಲೂ ಹಂಗೇ ಓದ್ದೆ. ಯಾವುದ್ರಲ್ಲೂ ಮನಸ್ಸಿಲ್ಲ, ಎಲ್ಲಾ ಬಿಟ್ಟು ಹೋಗ್ಬಿಡೋಣ ಅನ್ಸತ್ತೆ. ಮನೋವೈದ್ಯರ ಹತ್ರ ಹೋದ್ರೆ ಎದೆಹಾಲು ಬಿಡಿಸ್ಬೇಕಾ?
(ಹೆಸರು ಬೇಡ, ತುಮಕೂರು)

ಉತ್ತರ: ತಂಗಿ, ಬಿಟ್ಟು ಹೋಗೋದು ಅಂದ್ರೆ ಮನೇನಾ, ಜೀವಾನಾ? ಜೀವದ ಯೋಚನೆ ಬರ್ತಿದ್ರೆ ಇದನ್ನ ಓದೋದು ನಿಲ್ಸಿ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ರಾತ್ರಿ ಎಷ್ಟೊತ್ತಾದ್ರೂ ಎತ್ತುತಾರೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡೋ ಹಾಗಿಲ್ಲ. ಗಂಡನಿಗೂ ಹೇಳಿ, ಒಬ್ರೇ ಇರ್ಬೇಡಿ.

ನೀವು ನೆಟ್‌ನಲ್ಲಿ ಓದಿದ್ದು ಪೂರ್ತಿ ಸುಳ್ಳಲ್ಲ, ಆದ್ರೆ ಅದ್ರಲ್ಲಿ ಅರ್ಧ ಕಥೆ ಬಿಟ್ಟೋಗಿದೆ. ಕೆನಡಾದ ಮ್ಯಾನಿಟೋಬಾದಲ್ಲಿ 1995ರಲ್ಲಿ ಹುಟ್ಟಿದ ಸುಮಾರು 14 ಸಾವಿರ ಮಕ್ಕಳ ದಾಖಲೆ ನೋಡಿದಾಗ, ತಾಯಿಯ ಖಿನ್ನತೆ, ಆತಂಕ ವರ್ಷಗಟ್ಲೆ ಹಂಗೇ ಮುಂದುವರಿದಿದ್ದ ಕಡೆ ಮಕ್ಕಳಿಗೆ ಏಳು ವರ್ಷದ ಹೊತ್ತಿಗೆ ಆಸ್ತಮಾ ಸ್ವಲ್ಪ ಜಾಸ್ತಿ ಕಂಡಿತ್ತು, ಆದ್ರೆ ಹೆರಿಗೆಯಾದ ಮೊದಲನೇ ವರ್ಷಕ್ಕೇ ಮುಗಿದುಹೋದ ಖಿನ್ನತೆಗೂ ಆಸ್ತಮಾಗೂ ಅಂಥ ಸಂಬಂಧ ಕಾಣ್ಲಿಲ್ಲ. ಅದೂ ಸಂಬಂಧ ಅಷ್ಟೇ, ಇದ್ರಿಂದಾನೇ ಅದು ಬಂತು ಅಂತಲ್ಲ. ಎಕ್ಸಿಮಾಗೆ ದೊಡ್ಡ ಕಾರಣ ವಂಶ, ಹುಟ್ಟಿನಿಂದಾನೇ ತೇವ ಹಿಡ್ಕೊಳ್ಳೋಕಾಗದ ಚರ್ಮ. ನಿಮ್ಮ ಮನೇಲಿ, ಗಂಡನ ಮನೇಲಿ ಯಾರಿಗೆ ಆಸ್ತಮಾ, ಯಾರಿಗೆ ಧೂಳಿಗೆ ಸೀನು ಅಂತ ಕೇಳಿ ನೋಡಿ. ಅಪ್ಪ ಸತ್ತಾಗ ಮಗಳು ಅಳದೆ ಇರ್ತಾಳಾ? ಅದು ತಪ್ಪು ಅನ್ನೋ ಮಾತನ್ನ ನಾನಂತೂ ಒಪ್ಪಲ್ಲ.

ನಂಗೆ ಕಾಣೋದು ಉಲ್ಟಾ. ಮಗು ಕೆರ್ಕೊಳ್ತಾನೆ, ನಿಮಗೆ ನಿದ್ದೆ ಇಲ್ಲ, ವರ್ಷದ ಮೇಲಾಯ್ತು, ಯಾರಾದ್ರೂ ಕುಸಿದು ಹೋಗ್ತಾರೆ, ಕುಸಿದಾಗ ಮುಲಾಮು ಹಚ್ಚೋದು ತಪ್ಪತ್ತೆ, ಇನ್ಹೇಲರ್ ಪಫ್ ತಪ್ಪತ್ತೆ, ಕಡಿತ ಇನ್ನೂ ಜಾಸ್ತಿ. ಅದಕ್ಕೇ ನಿಮ್ಮ ಚಿಕಿತ್ಸೇನೂ ಮಗೂನ ಚಿಕಿತ್ಸೆಯ ಭಾಗಾನೇ. ವಾರದಲ್ಲಿ ಮೂರ್ನಾಲ್ಕು ರಾತ್ರಿ ಗಂಡ ಮಗೂನ ನೋಡ್ಕೊಳ್ಳಿ, ನೀವು ಬೇರೆ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗಿ, ಹಾಲು ಮಲಗೋ ಮುಂಚೆ ಕೊಟ್ರಾಯ್ತು. ಸ್ನಾನ ಉಗುರು ಬೆಚ್ಚಗಿನ ನೀರಲ್ಲಿ ಬೇಗ ಮುಗಿಸಿ, ಮೈ ಇನ್ನೂ ಹಸಿ ಇರೋವಾಗ್ಲೇ ಮಾಯಿಶ್ಚರೈಸರ್ ಹಚ್ಚಿ, ಕಡ್ಲೆಹಿಟ್ಟು ಹಾಕಿ ಉಜ್ಜೋದು ಬೇಡ್ವೇ ಬೇಡ. ಸ್ಟೀರಾಯ್ಡ್ ಮುಲಾಮು ಅಂತ ಹೆದರಿ ಸಾಸಿವೆ ಕಾಳಷ್ಟು ಹಚ್ಚಿ ಬಿಡೋರು ತುಂಬಾ ಜನ, ಡಾಕ್ಟ್ರು ಹೇಳಿದಷ್ಟು, ಹೇಳಿದಷ್ಟು ದಿನ ಹಚ್ಚಿ. ಮುಂದಿನ ಸಲ ಅತ್ತೇನೂ ಕರ್ಕೊಂಡೋಗಿ, ಕಾರಣ ಏನು ಅಂತ ಡಾಕ್ಟ್ರ ಬಾಯಿಂದಾನೇ ಕೇಳ್ಲಿ.

ಇನ್ನು ಹಾಲಿನ ವಿಷ್ಯ. ಬಿಡಿಸೋ ಅಗತ್ಯ ಸಾಮಾನ್ಯವಾಗಿ ಬರಲ್ಲ. ಸರ್ಟ್ರಲೀನ್ ಥರದ ಖಿನ್ನತೆಯ ಮಾತ್ರೆ ಎದೆಹಾಲಿಗೆ ಸೇರೋದು ತುಂಬಾ ಕಮ್ಮಿ, ಹಾಲು ಕೊಡ್ತಿದೀನಿ ಅಂತ ಮೊದ್ಲೇ ಹೇಳಿದ್ರೆ ಡಾಕ್ಟ್ರು ನೋಡ್ಕೊಂಡು ಬರೀತಾರೆ, ಎಷ್ಟೋ ಜನಕ್ಕೆ ಕೌನ್ಸೆಲಿಂಗ್‌ನಲ್ಲೇ ಸರಿಹೋಗತ್ತೆ. ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗದಿಂದ ಶುರು ಮಾಡಿ. ಅಡ್ಮಿಟ್ ಆಗ್ಲೇಬೇಕು ಅಂತ ಬಂದ್ರೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಜೊತೆಗೇ ಇರೋ ವಾರ್ಡ್ ಇದೆ, ಮಗು ತೀರಾ ಎಳೆಯದಿದ್ರೆ ಮಾತ್ರಾನಾ ಅಂತ ಮೊದ್ಲೇ ಫೋನ್ ಮಾಡಿ ವಿಚಾರಿಸಿ.